ಬೈಗುಳದ ದುಭಾಷಿ

"ಗುರುಗಳೇ, ಒರಟು ಮಾತನ್ನು ನಯ ಮಾಡಿ ದಾಟಿಸುವುದು ಒಳ್ಳೆಯದಲ್ಲವೇ?" ಎಂದು ಶಿಷ್ಯನು ಕೇಳಿದನು. ಮಠದ ಅಡುಗೆಯವನು ಗುರುಗಳ ಬಗ್ಗೆ ಅಂದದ್ದನ್ನು ಶಿಷ್ಯನು ಆಗಷ್ಟೇ ಅವರಿಗೆ ನಯ ಮಾಡಿ ಹೇಳಿ ಮುಗಿಸಿದ್ದನು.

ಗುರುಗಳು ಹೇಳಿದರು:

ಮೀನು ಮಾರುವ ಒಬ್ಬ ಮುದುಕಿ ಇದ್ದಳು. ತುಳು ಬಿಟ್ಟರೆ ಅವಳಿಗೆ ಬೇರೆ ಮಾತು ಬಾರದು. ಎದೆಗೆ ಕಫ ಕಟ್ಟಿ ಉಸಿರು ಸೋತಾಗ ಅಳಿಯ ಅವಳನ್ನು ಘಟ್ಟದ ಮೇಲಿನ ದೊಡ್ಡಾಸ್ಪತ್ರೆಗೆ ಸೇರಿಸಿದನು. ಐಸಿಯುನಲ್ಲಿ ಮಲಗಿಸಿ ಮೂಗು ಬಾಯಿಗೆ ಮಾಸ್ಕ್ ಕಟ್ಟಿದರು. ಕಿತ್ತಳು. ಮತ್ತೆ ಕಟ್ಟಿದರು. ನರ್ಸಿಗೆ ಒದ್ದಳು. ಮಾಸ್ಕಿನೊಳಗೂ ಬಾಯಿ ನಿಲ್ಲಲಿಲ್ಲ.

ಡಾಕ್ಟರಿಗೆ ತುಳು ಬಾರದು. "ಏನನ್ನುತ್ತಿದ್ದಾರೆ?" ಎಂದು ಅಳಿಯನನ್ನು ಕೇಳಿದರು.

ಅಳಿಯ ಬೆವರಿದನು. "ನೀವು ದೇವರಂತೆ, ಸಾರ್."

"ದೇವರು ಅನ್ನುತ್ತಾ ಒದೆಯುತ್ತಾರಲ್ಲ! ಬುದ್ಧಿ ಭ್ರಮಿಸಿದೆ. ಕೈ ಕಟ್ಟಿ. ನಿದ್ದೆಮದ್ದು ಕೊಡಬೇಕಾಗುತ್ತದೆ."

ಆದರೆ ಸೋತ ಉಸಿರಿಗೆ ನಿದ್ದೆಮದ್ದು ಬಿದ್ದರೆ ಮುದುಕಿ ಏಳದೆಯೇ ಹೋಗಬಹುದು. ಆ ಭಯಕ್ಕೆ ಡಾಕ್ಟರು ಆಸ್ಪತ್ರೆಯ ದುಭಾಷಿಯನ್ನು ಕರೆಸಿದರು.

ದುಭಾಷಿ ಬಂದಳು. ರೋಗಿ 'ನಾನು' ಅಂದರೆ ದುಭಾಷಿಯೂ 'ನಾನು' ಅನ್ನಬೇಕು; ರೋಗಿ ಬೈದರೆ ಬೈಯಬೇಕು. ಅದು ಆ ಕೆಲಸದ ಕಟ್ಟಳೆ. ಅವಳು ಡಾಕ್ಟರ ಮುಖ ನೋಡಿ, ನಗದೆ, ಶುರುಮಾಡಿದಳು:

"ಎಲಾ, ಕೊಳೆತ ಬೂತಾಯಿ ಮೀನಿನ ಮುಖದವನೇ! ಸತ್ತ ಮೀನನ್ನೂ ನಾನು ಇಷ್ಟು ತಣ್ಣಗೆ ಇಡುವುದಿಲ್ಲ. ಈ ಪಟ್ಟಿ ಕಿವಿಯ ಹಿಂದೆ ಕೊಯ್ಯುತ್ತಿದೆ, ಅದಕ್ಕೆ ಕಿತ್ತೆ. ಹೇಳಿದರೆ ತಲೆಯಾಡಿಸಿ ನಗುತ್ತೀರಿ. ಒದೆಯದೆ ಏನು ಮಾಡಲಿ?"

ಅಳಿಯ ಗೋಡೆಯ ಕಡೆ ತಿರುಗಿದನು. ಡಾಕ್ಟರ ಮುಖ ಅರಳಿತು.

"ಅಜ್ಜಿ, ನೀವೀಗ ಎಲ್ಲಿದ್ದೀರಿ?"

"ಆಸ್ಪತ್ರೆಯಲ್ಲಿ. ಅದನ್ನೂ ನಾನೇ ಹೇಳಬೇಕೋ?"

"ಬುದ್ಧಿ ಭ್ರಮಿಸಿದವರು ಇಷ್ಟು ಸರಿಯಾಗಿ ಬೈಯಲಾರರು" ಎಂದು ಡಾಕ್ಟರು ನಕ್ಕು ಕೈ ಬಿಚ್ಚಿಸಿದರು. ಕಿವಿಯ ಹಿಂದೆ ಹತ್ತಿ ಇಡಿಸಿದರು, ಇನ್ನೊಂದು ಕಂಬಳಿ ಹೊದಿಸಿದರು. ನಿದ್ದೆಮದ್ದು ಕಪಾಟಿಗೆ ಹಿಂದಿರುಗಿತು. ಮುದುಕಿ ಮಾಸ್ಕನ್ನು ತಾನೇ ಎಳೆದು ಹಾಕಿಕೊಂಡು ಸುಮ್ಮನೆ ಉಸಿರಾಡಿದಳು. ವಾರ ಕಳೆದು ಊರಿಗೆ ಹೋಗಿ ಗಿರಾಕಿಗಳನ್ನು ಬೈಯುತ್ತಾ ಮೀನು ಮಾರಿದಳು.

ಶಿಷ್ಯನು ಹೊಟ್ಟೆ ಹಿಡಿದುಕೊಂಡು ನಕ್ಕನು. ಆಮೇಲೆ ಕೇಳಿದನು: "ಆದರೂ ಗುರುಗಳೇ, ಅಳಿಯ ಪಾಪ, ಮಾನ ಉಳಿಸಲಿಕ್ಕೆ ಹಾಗಂದದ್ದಲ್ಲವೇ?"

"ಹೌದು" ಎಂದರು ಗುರುಗಳು, "ಅತ್ತೆಯದಲ್ಲ, ತನ್ನದು."

ಶಿಷ್ಯನು ಅಡುಗೆಯವನು ಅಂದದ್ದನ್ನು ಮೊದಲಿನಿಂದ, ಅಂದ ಹಾಗೆಯೇ, ಹೇಳತೊಡಗಿದನು.