ಮೂರನೆಯ ಬಾಗಿಲಲ್ಲಿ ನಿಂತ ಓಲೆಕಾರ

"ಗುರುಗಳೇ, ಒಂದು ವೆಬ್ ವಿಳಾಸಕ್ಕೆ ಹೋದರೆ ಕೆಲವೊಮ್ಮೆ 'ನೀನು ಕೇಳಿದ್ದು ಇಲ್ಲಿಲ್ಲ, ಇನ್ನೊಂದು ವಿಳಾಸಕ್ಕೆ ಹೋಗು' ಎಂಬ ಉತ್ತರ ಬರುತ್ತದೆ. ಪ್ರೋಗ್ರಾಂ ತನ್ನ ಬಳಿಯ ಗುಟ್ಟಿನ ಮಾಹಿತಿಯನ್ನು ಹೊತ್ತು ತಾನಾಗಿಯೇ ಅಲ್ಲಿಗೆ ಹೋಗಬಲ್ಲದು. ನೀವೇಕೆ ಅದನ್ನು ತಡೆದು, ಒಂದೊಂದು ತಿರುವನ್ನೂ ನಾವೇ ನೋಡಿ ಮುಂದೆ ಕಳಿಸಬೇಕು ಎನ್ನುತ್ತೀರಿ?" ಎಂದು ಕಸ್ತೂರಿ ಕೇಳಿದಳು.

ಗುರುಗಳು ಕತೆ ಹೇಳಿದರು.

ಒಬ್ಬ ರತ್ನಪರೀಕ್ಷಕನಿಗೆ ಕಣ್ಣು ಮಂಜಾಗತೊಡಗಿತ್ತು. ಮದ್ದು ಮಾಡಿದರೆ ವಾಸಿಯಾಗುವ ಕಾಯಿಲೆಯೇ. ಆದರೆ ಸುದ್ದಿ ಹಬ್ಬಿದರೆ ಯಾರೂ ಅವನ ಕೈಗೆ ಮತ್ತೆ ಕಲ್ಲು ಕೊಡುವುದಿಲ್ಲ. ವೈದ್ಯ ಕಾಯಿಲೆ, ಮದ್ದುಗಳ ವಿವರವನ್ನು ಓಲೆಯಲ್ಲಿ ಬರೆದು, ಮುದ್ರೆ ಒತ್ತಿ, ಒಬ್ಬ ಓಲೆಕಾರನನ್ನು ಕಳಿಸಿದ. "ಅವನ ಕೈಗೇ ಕೊಡಬೇಕು" ಎಂದ.

ಓಲೆಕಾರ ರತ್ನಪರೀಕ್ಷಕನ ಮನೆಗೆ ಹೋದ. ಬೀಗ ಹಾಕಿತ್ತು. ಪಕ್ಕದ ಮನೆಯವನು, "ನಿನ್ನೆ ಮೇಲಿನ ಕೇರಿಯ ತಂಗಿಯ ಮನೆಗೆ ಹೋದ" ಎಂದ. ಓಲೆಕಾರ ಅಲ್ಲಿಗೆ ಓಡಿದ. ಜಗಲಿಯಲ್ಲಿ ಕುಳಿತಿದ್ದ ಒಬ್ಬ ಆಳು, "ಇಲ್ಲಿಲ್ಲ, ಹೊಳೆದಂಡೆಯ ದೊಡ್ಡ ಮನೆಗೆ ಹೋಗು" ಎಂದ. ಓಲೆಕಾರ ಅಲ್ಲಿಗೂ ಓಡಿದ.

ಆ ಮನೆಯ ಬಾಗಿಲು ತೆರೆದೇ ಇತ್ತು. ಒಬ್ಬ ವ್ಯಾಪಾರಿ ನಗುತ್ತಾ ಎದುರು ಬಂದ. "ಬಾರಪ್ಪ, ದಣಿದಿದ್ದೀಯ. ಅವರು ಒಳಗೆ ಮಲಗಿದ್ದಾರೆ. ಓಲೆ ಇತ್ತ ಕೊಡು, ತಡವಾಗುವುದು ಬೇಡ" ಎಂದು ಕೈ ಚಾಚಿದ.

ಓಲೆಕಾರನ ಕೈ ಸೊಂಟದ ಚೀಲಕ್ಕೆ ಹೋಗಿ ಅಲ್ಲೇ ನಿಂತಿತು. ನಾನು ಓಲೆ ತಂದಿರುವುದು ಇವನಿಗೆ ಹೇಗೆ ತಿಳಿಯಿತು? ನನ್ನನ್ನು ಇಲ್ಲಿಗೆ ಕಳಿಸಿದವರು ಯಾರು? ವೈದ್ಯನಲ್ಲ. ಹೆಸರೂ ಗೊತ್ತಿಲ್ಲದ ಒಬ್ಬ ಆಳು. "ಒಂದು ಮಾತು ಕೇಳಿಕೊಂಡು ಬರುತ್ತೇನೆ ಸ್ವಾಮಿ" ಎಂದು ಬಂದ ದಾರಿಯಲ್ಲೇ ಹಿಂತಿರುಗಿದ.

ಮೇಲಿನ ಕೇರಿಯ ಜಗಲಿ ಖಾಲಿಯಾಗಿತ್ತು. ಬಾಗಿಲು ತಟ್ಟಿದ. ತಂಗಿ ಹೊರಗೆ ಬಂದಳು. ಓಲೆಕಾರ ಜಗಲಿಯ ಆಳು ಹೇಳಿದ್ದನ್ನು ತಿಳಿಸಿದ.

"ಆಳೇ? ನಮ್ಮ ಮನೆಯಲ್ಲಿ ಆಳೇ ಇಲ್ಲವಲ್ಲ! ಅಣ್ಣ ಬೆಳಗಿನಿಂದ ನಿನ್ನ ದಾರಿಯನ್ನೇ ಕಾಯುತ್ತಿದ್ದಾನೆ" ಎಂದಳು.

ಆಳನ್ನು ಅಲ್ಲಿ ಕೂರಿಸಿದ್ದವನು ಹೊಳೆದಂಡೆಯ ವ್ಯಾಪಾರಿ. ರತ್ನಪರೀಕ್ಷಕನಿಗೆ ಏನಾಗಿದೆ ಎಂದು ತಿಳಿಯಲು ಅವನು ಹೊಂಚು ಹಾಕಿದ್ದ.

ರತ್ನಪರೀಕ್ಷಕ ಗೋಡೆ ಹಿಡಿದುಕೊಂಡು ಬಂದ. ಓಲೆಯ ಮುದ್ರೆಯನ್ನು ಬೆರಳಿನಿಂದ ತಡವಿ ನೋಡಿದ. ಒಡೆದಿರಲಿಲ್ಲ. ಓಲೆಕಾರನ ಎರಡೂ ಕೈ ಹಿಡಿದುಕೊಂಡ. ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಅಂಗಡಿ ಮತ್ತೆ ತೆರೆಯಿತು.

ಕಸ್ತೂರಿ, "ಆದರೆ ಗುರುಗಳೇ, ಪ್ರತಿ ಬಾಗಿಲಲ್ಲೂ ಹೀಗೆ ನಿಂತು ವಿಚಾರಿಸಿದರೆ ಓಲೆ ತಲುಪುವುದು ತಡವಾಗುವುದಿಲ್ಲವೇ?" ಎಂದಳು.

"ಆಗುತ್ತದೆ. 'ತಡವಾಗುವುದು ಬೇಡ' ಎಂದು ಕೈ ಚಾಚಿದ ಆ ವ್ಯಾಪಾರಿಗೂ ಇದ್ದದ್ದು ಅದೇ ಚಿಂತೆ" ಎಂದರು ಗುರುಗಳು.