ಅಜ್ಜನ ಉಂಗುರದ ಗೀರು

ಮೈಸೂರಿನಲ್ಲಿ ಒಬ್ಬ ಗಿಟಾರ್ ರಿಪೇರಿಯವನಿದ್ದ. ಅವನಂಗಡಿಯಲ್ಲಿ ಒಂದು ಬೆಕ್ಕಿತ್ತು. ಲಿಂಗರಾಜೇ ಅರಸರ ಹಳೇ ಗಿಟಾರ್ ರಿಪೇರಿಗೆ ಬಂದಾಗ, ಬೆಕ್ಕು ಅದರ ಮೇಲೆ ಹಾರಿ ಹಳೇ ಗೀರುಗಳ ನಡುವೆ ಉದ್ದಕ್ಕೊಂದು ಹೊಸ ಗೀರು ಎಳೆದೇಬಿಟ್ಟಿತು.

ಅದು ಪಿಟೀಲಿನಂತೆ ಎದೆ ಉಬ್ಬಿದ ಗಿಟಾರು. ಅರಸರ ಅಜ್ಜ ಕ್ಲಬ್ಬಿನ ಬ್ಯಾಂಡಿನಲ್ಲಿ ನುಡಿಸಿದ್ದು. ರಿಪೇರಿಯವನು ಬಿರುಕು ಬೆಸೆದು, ಹೊಸ ತಂತಿ ಕಟ್ಟಿ ಮೀಟಿದ. ಎಂಥ ನಾದ! ಬೆಕ್ಕಿನ ಗೀರು ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ.

ಅಷ್ಟರಲ್ಲಿ ಅರಸರೇ ಬಂದು ಮೂಗು ಮುರಿದರು.

"ಏನಯ್ಯಾ, ಮೈಯೆಲ್ಲಾ ಗೀರು! ಮಗಳ ನಿಶ್ಚಿತಾರ್ಥಕ್ಕೆ ನಡುಮನೇಲಿ ಇಡಬೇಕು. ಎಲ್ಲಾ ಕೆರೆದು ಕಾರಿನ ಥರ ಪೇಂಟ್ ಹೊಡಿ. ಆಗಲ್ಲ ಅಂದ್ರೆ ಅಂಗಡಿ ಖಾಲಿ ಮಾಡು. ಕಟ್ಟಡ ನಂದು, ನೆನಪಿರಲಿ."

ಪೇಂಟ್ ಹೊಡೆದರೆ ಬೆಕ್ಕಿನ ತಪ್ಪು ಮುಚ್ಚಿಹೋಗುತ್ತಿತ್ತು. ಆದರೆ ದಪ್ಪ ಪೇಂಟಿನಡಿ ಮರ ಕಂಪಿಸದೆ ಆ ನಾದವೂ ಸತ್ತುಹೋಗುತ್ತಿತ್ತು. ರಿಪೇರಿಯವನು ಕೈ ಕಟ್ಟಿ ನಿಂತ.

"ಆಗಲಿ ಬುದ್ಧಿ, ಫಳಫಳ ಅನ್ನೋ ಹಾಗೆ ಮಾಡ್ತೀನಿ. ಯಾವ ಅಂಗಡೀಲಿ ತಗೊಂಡ್ರಿ ಅಂತ ಬೀಗರು ಕೇಳಿದ್ರೆ ಏನು ಹೇಳ್ತೀರಿ?"

"ಅಂಗಡೀಲಾ? ಇದು ನಮ್ಮಜ್ಜಂದು ಕಣಯ್ಯಾ!"

"ನನಗೆ ಗೊತ್ತು ಬುದ್ಧಿ. ಅವರ ಕಣ್ಣಿಗೆ ಮೊನ್ನೆ ತಂದಿದ್ದರ ಥರ ಕಾಣುತ್ತಲ್ಲಾ?"

ಅರಸರು ಬಗ್ಗಿ ಗೀರುಗಳನ್ನು ನೋಡಿದರು. ಆಮೇಲೆ ಗಿಟಾರನ್ನು ಮಗುವಿನಂತೆ ಸವರಿದರು.

"ಒಂದೇ ಒಂದು ಗೀರು ಅಳಿಸಿದೀಯೋ, ಜೋಕೆ!" ಎಂದು ಗದರಿಸಿ ಹೋದರು.

ನಿಶ್ಚಿತಾರ್ಥದ ಊಟಕ್ಕೆ ರಿಪೇರಿಯವನೂ ಹೋಗಿದ್ದ. ಅರಸರು ಬೀಗರಿಗೆ ಆ ಉದ್ದನೆಯ ಗೀರನ್ನೇ ತೋರಿಸುತ್ತಿದ್ದರು.

"ನಮ್ಮಜ್ಜನ ವಜ್ರದುಂಗುರ ತಾಗಿದ್ದು!"

ರಿಪೇರಿಯವನು ಉಸ್ಸಪ್ಪಾ ಎಂದು ಅಂಗಡಿಗೆ ಬಂದ. ಬೆಕ್ಕಿನ ತಟ್ಟೆಗೆ ಇನ್ನೊಂದು ಲೋಟ ಹಾಲು ಸುರಿದ.