ಆವೇಶವಿಲ್ಲದವರನ್ನು ಹೊರಹಾಕಿದ ಪ್ರೋಟಾನ್

ಒಂದು ಹೀಲಿಯಂ ಪರಮಾಣುವಿನ ಬೀಜಕೇಂದ್ರದಲ್ಲಿ ಇಬ್ಬರು ಪ್ರೋಟಾನ್ ಅಣ್ಣತಮ್ಮಂದಿರೂ ಎರಡು ನ್ಯೂಟ್ರಾನ್‌ಗಳೂ ಒತ್ತಾಗಿ ವಾಸವಾಗಿದ್ದರು. ಹೊರಗೆ, ದೂರದಲ್ಲಿ, ಎರಡು ಎಲೆಕ್ಟ್ರಾನ್‌ಗಳು ಸುತ್ತುತ್ತಿದ್ದವು. ಅವು ತನ್ನ ಸೆಳೆತಕ್ಕೇ ಸುತ್ತುತ್ತಿವೆ ಎಂದು ಅಣ್ಣ ಪ್ರೋಟಾನ್‌ಗೆ ಬಲು ಜಂಬ.

ಒಂದು ದಿನ ಅವನು ನ್ಯೂಟ್ರಾನ್‌ಗಳನ್ನು ಕೇಳಿದ: "ನಮ್ಮದು ಧನ ಆವೇಶ. ಆ ಎಲೆಕ್ಟ್ರಾನ್‌ಗಳದ್ದು ಋಣ ಆವೇಶ. ನಿಮ್ಮದು?"

"ನಮಗೆ ಯಾವುದೂ ಇಲ್ಲ, ಸ್ವಾಮಿ," ಎಂದಿತು ಹಿರಿಯ ನ್ಯೂಟ್ರಾನ್.

"ಮತ್ತೆ ಇಲ್ಲಿ ಏನು ಮಾಡುತ್ತಿದ್ದೀರಿ?"

"ನಿಮ್ಮಿಬ್ಬರನ್ನೂ ಹಿಡಿದುಕೊಂಡಿದ್ದೇವೆ. ಒಂದೇ ಆವೇಶದವರು ನೀವು. ನಾವು ಕೈಬಿಟ್ಟರೆ ಒಬ್ಬರನ್ನೊಬ್ಬರು ದೂಡುತ್ತೀರಿ."

"ಅಣ್ಣತಮ್ಮಂದಿರ ನಡುವೆ ತಂದಿಡಬೇಡಿ. ದಯವಿಟ್ಟು ಹೊರಡಿ."

"ಅಣ್ಣ ಹೇಳಿದ್ದೇ ಸರಿ," ಎಂದು ತಮ್ಮನೂ ತಲೆಯಾಡಿಸಿದ. "ಕಾಲು ಚಾಚಲು ಜಾಗವಾಗುತ್ತದೆ."

ನ್ಯೂಟ್ರಾನ್‌ಗಳು ವಾದಿಸದೆ ಹೊರಟುಹೋದವು. ಅಣ್ಣ ನೆಮ್ಮದಿಯಿಂದ ಮೈ ಚಾಚಿದ.

"ಸ್ವಲ್ಪ ಸರಿಯಪ್ಪ," ಎಂದ.

"ನೀನೇ ಸರಿಯಣ್ಣ," ಎಂದ ತಮ್ಮ.

ಅಷ್ಟೇ. ಇಬ್ಬರೂ ದಿಕ್ಕಿಗೊಬ್ಬರಂತೆ ಸಿಡಿದುಹೋದರು. ಸುತ್ತುವುದಕ್ಕೆ ಮನೆಯೇ ಇಲ್ಲದೆ ಎಲೆಕ್ಟ್ರಾನ್‌ಗಳೂ ಚದುರಿದವು.

ಅಣ್ಣ ಎಷ್ಟೋ ದೂರ ಒಬ್ಬನೇ ಅಲೆದ. ಎದುರಾದವರಲ್ಲೆಲ್ಲ ತಮ್ಮನನ್ನು ಹುಡುಕಿದ. ಕೊನೆಗೆ ದಾರಿತಪ್ಪಿದ ಒಂದು ಎಲೆಕ್ಟ್ರಾನ್ ಬಂದು ಅವನನ್ನು ಸುತ್ತತೊಡಗಿತು. ದಾರಿಯಲ್ಲಿ ಸಿಕ್ಕ ಆಮ್ಲಜನಕದ ಪರಮಾಣು ಕೇಳಿತು: "ಏನು ಹೈಡ್ರೋಜನ್ ಅವರೇ, ಮನೆಯವರೆಲ್ಲ ಎಲ್ಲಿ?"

ಪ್ರೋಟಾನ್ ಎದೆಯುಬ್ಬಿಸಿ ಹೇಳಿದ: "ಮೂಲಧಾತುಗಳ ಪಟ್ಟಿಯಲ್ಲಿ ಈಗ ಮೊದಲ ಹೆಸರು ನನ್ನದು. ಮೊದಲ ಸ್ಥಾನದಲ್ಲಿ ಇಬ್ಬರು ಕೂರುವುದಕ್ಕಾಗುವುದಿಲ್ಲ, ನೋಡಿ."